ತವರಿನ ಹುಂಜ

"ಅಯ್ಯೋ, ಹಿಂದೆ ನೋಡಿ! ಹಿಂದೆ!"

ಮಾನ್‌ಮೊಯ್ ಕೂಗುವಷ್ಟರಲ್ಲಿ ಹುಂಜ ಹಾರಿಯೇ ಬಿಟ್ಟಿತ್ತು. ಗಂಡನ ಮೀನಖಂಡಕ್ಕೆ ಎರಡು ಕಾಲಿನ ಮುಳ್ಳೂ ನೆಟ್ಟವು. ಹೆಗಲ ಮೇಲಿದ್ದ ಹಸಿ ಹೊಗೆಸೊಪ್ಪಿನ ಹೊರೆ ದೊಪ್ಪೆಂದು ಕೆಸರಿಗೆ ಬಿತ್ತು.

ಸಿನ್‌ಫಾತ್ ತಿರುಗಿದ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಬೆಂಕಿ ಕಾಯುತ್ತ ನಾಲ್ಕು ದಿನದಿಂದ ನಿದ್ದೆ ಕಾಣದ ಕಣ್ಣು ಕೆಂಡದಂತಿದ್ದವು.

"ಸಾಕಾಗ್ಹೋಯ್ತು ನಂಗೆ! ಇದನ್ನ ನಿಮ್ಮಪ್ಪನ ಮನೆಗೇ ವಾಪಸ್ ಬಿಟ್ಟು ಬರ್ತೀನಿ, ನೋಡ್ತಿರು!"

ಜಗಲಿಯಲ್ಲಿ ಗೆಣಸು ಸುಲಿಯುತ್ತಿದ್ದ ಅತ್ತೆಯ ಕೈ ಹಾಗೇ ನಿಂತಿತು.

ಆಡಬಾರದ ಮಾತು ಅದು! ಆ ಹುಂಜ ಸಂತೆಯಿಂದ ಬಂದದ್ದಲ್ಲ. ಮದುವೆಯ ದಿನ ಕಾಲಿಗೆ ಕೆಂಪು ದಾರ ಕಟ್ಟಿಸಿಕೊಂಡು, ಒಂದು ಹೇಂಟೆಯ ಜೊತೆಗೆ, ಮದುಮಗಳ ಹಿಂದೆ ತವರಿನಿಂದ ಬಂದದ್ದು. ಸೊಸೆಗೆ ತವರಿನ ದಾರಿ ತೋರುವ ಕೋಳಿ. ಅದನ್ನು ಕೊಯ್ಯುವಂತಿಲ್ಲ, ಮಾರುವಂತಿಲ್ಲ. ವಾಪಸ್ ಕಳಿಸಿದರೆ... ಸೊಸೆಯನ್ನೇ ಕಳಿಸಿದ ಹಾಗೆ. ಮೇನುಂಗ್ ಊರಿನ ಹಾಲುಗಲ್ಲದ ಮಕ್ಕಳಿಗೂ ಇದು ಗೊತ್ತು.

ಸಿನ್‌ಫಾತ್ ಕುಂಟುತ್ತ ಬ್ಯಾರನ್ನಿನ ಕಡೆ ಹೋದ. ಮಾನ್‌ಮೊಯ್ ಕೆಸರಿನಿಂದ ಒಂದೊಂದೇ ಎಲೆ ಹೆಕ್ಕಿದಳು.

ಅಳು ಬರಲಿಲ್ಲ. ಅಳುವುದಕ್ಕೂ ಶಕ್ತಿ ಬೇಡವೇ? ಬೆಳಕು ಹರಿಯುವ ಮೊದಲೇ ಸೊಪ್ಪು ಮುರಿಯಬೇಕು, ಬಿದಿರ ಗಳಕ್ಕೆ ಪೋಣಿಸಬೇಕು, ಹತ್ತು ಆಳಿಗೆ ಗಂಜಿ ಬೇಯಿಸಬೇಕು. ಇದರ ನಡುವೆ ಈ ಹುಂಜ! ಮೊದಲು ಅತ್ತೆಯ ಕಾಲು, ಆಮೇಲೆ ತನ್ನ ಕೈ, ಈಗ ಇವರು. ಪೊರಕೆಯಲ್ಲಿ ಹೊಡೆದಷ್ಟೂ ಅದರ ಸೊಕ್ಕು ಏರುತ್ತಿತ್ತು.

ಮದುವೆಯಾಗಿ ಎಂಟು ತಿಂಗಳು. 'ಕಟ್ಟಿಗೆ ಇದೆಯಾ? ಗಂಜಿ ಆಯ್ತಾ?' ಅಷ್ಟು ಬಿಟ್ಟು ಇವರು ನನ್ನ ಹತ್ತಿರ ಏನು ಮಾತಾಡಿದ್ದಾರೆ? ಎಂದುಕೊಂಡಳು. ಅವನ ಬೆನ್ನು ಕಂಡರೆ ಸಾಕು, ಇವಳ ಎದೆ ಒಂದು ಕ್ಷಣ ಹಗುರಾಗುತ್ತಿತ್ತು. ಅದನ್ನು ಹೇಳುವುದು ಯಾವಾಗ? ಹೇಗೆ?

ಮಧ್ಯಾಹ್ನ ಹೊಲದಿಂದ ಬಂದು ನೋಡುತ್ತಾಳೆ... ಅಂಗಳದಲ್ಲಿ ಹೇಂಟೆ ಒಂಟಿಯಾಗಿ ನೆಲ ಕೆದಕುತ್ತಿದೆ!

ಬ್ಯಾರನ್ನಿಗೆ ಓಡಿದಳು. ಒಲೆಯ ಬಾಯಿಗೆ ಸೌದೆ ತಳ್ಳುತ್ತಿದ್ದವರು ಅತ್ತೆ.

"ಅತ್ತೇ... ಅವರೆಲ್ಲಿ? ಹುಂಜ ಎಲ್ಲಿ?"

ಅತ್ತೆ ತಲೆ ಎತ್ತಲಿಲ್ಲ. "ಬುಟ್ಟೀಲಿ ಹಾಕ್ಕೊಂಡು ಸೈಕಲ್ ಹತ್ತಿದ. ಎಲ್ಲಿಗೋ ಅಂದೆ, ಶಾನ್‌ಲಿನ್‌ಗೆ ಅಂದ. ಅಷ್ಟೇ."

ಶಾನ್‌ಲಿನ್. ಅವಳ ತವರು.

ಹೇಳಿದ್ದನ್ನು ಮಾಡಿಯೇ ಬಿಟ್ಟರು... ಅವಳು ಮನೆಗೆ ಹೋದಳು. ಎರಡು ಜೊತೆ ಬಟ್ಟೆ ನೀಲಿ ಅರಿವೆಯಲ್ಲಿ ಕಟ್ಟಿಕೊಂಡು ಅತ್ತೆಗೆ ಹೇಳಿ ಹೋಗಲು ಮತ್ತೆ ಬ್ಯಾರನ್ನಿಗೆ ಬಂದಳು.

"ಏನೇ ಇದು ಗಂಟು?"

"ಅವರೇ ಬಂದು 'ಹೋಗು' ಅನ್ನೋದು ಬೇಡ ಅತ್ತೆ. ನಾನೇ ಹೋಗ್ತೀನಿ."

"ಮುಚ್ಚು ಬಾಯಿ! ಕೂತ್ಕೋ ಇಲ್ಲಿ. ಅವನು ಬರ್ಲಿ, ಅವನ ಕಾಲು ಮುರೀತೀನಿ! ಹುಂಜ ಒಂದು ಕಾಲು ನೋಡ್ಕೊಂಡಿದೆ, ಇನ್ನೊಂದು ನಂಗಿರ್ಲಿ!"

ಆಗಲೇ ಸೈಕಲ್ ಬೆಲ್ ಕೇಳಿಸಿತು.

ಸಿನ್‌ಫಾತ್ ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ತೂರಾಡುತ್ತ ಬರುತ್ತಿದ್ದ. ಇನ್ನೊಂದು ಕಂಕುಳಲ್ಲಿ... ಹುಂಜ! ಅವನ ಕೈತುಂಬ ಗೀರು. ಹುಂಜ ಮಾತ್ರ ತೆಪ್ಪಗೆ ಕಣ್ಣು ಪಿಳುಕಿಸುತ್ತಿತ್ತು. ಅದರ ಕಾಲಲ್ಲಿ ಹೊಸ ಕೆಂಪು ದಾರ.

"ಬಂದ ನೋಡು ಮಹಾರಾಯ!" ಅತ್ತೆ ಎದ್ದರು. "ನೀನುಂಟು, ನಿನ್ನ ಹೆಂಡ್ತಿ ಉಂಟು, ಆ ಹುಂಜ ಉಂಟು. ನಂಗೆ ಗೆಣಸಿನ ಕೆಲ್ಸ ಇದೆ." ಕುಂಟುತ್ತ ಹೊರಟೇಬಿಟ್ಟರು.

"ಬಿಟ್ಟು ಬರಲಿಲ್ವಾ?" ಅವಳು ಹುಂಜದ ಕಡೆ ನೋಡಿ ಕೇಳಿದಳು.

"ಬಿಟ್ಟು ಬರೋಕಾ? ನಾನು ಮಾವನ್ನ ಕೇಳಕ್ಕೆ ಹೋಗಿದ್ದೆ, ಇದನ್ನ ಹೇಗೆ ಪಳಗಿಸೋದು ಅಂತ. ಹೊಡೀಬಾರ್ದಂತೆ. ಹೊಡೆದ್ರೆ ನಮ್ಮನ್ನೂ ಇನ್ನೊಂದು ಹುಂಜ ಅಂದ್ಕೊಂಡು ಜಗಳಕ್ಕೆ ನಿಲ್ಲುತ್ತಂತೆ. ಕಂಕುಳಲ್ಲಿ ಎತ್ಕೊಂಡು ತಿರುಗಬೇಕಂತೆ, ದಿನಾ, ಅದು ಸುಮ್ಮನಾಗೋವರೆಗೂ..." ಅವನ ಕಣ್ಣು ಗಂಟಿನ ಮೇಲೆ ಬಿತ್ತು. "ಇದೇನು?"

"ನೀವೇ ಅಂದ್ರಲ್ಲ... ವಾಪಸ್ ಕಳಿಸ್ತೀನಿ ಅಂತ."

ಅವನ ಮುಖ ಬಿಳಿಚಿತು. ಬೆಳಿಗ್ಗೆ ಆಡಿದ ಮಾತಿನ ಭಾರ ಈಗ ತಲೆಗೆ ಹತ್ತಿತು, ಪಾಪ!

"ನಿದ್ದೆಗೆಟ್ಟ ಬಾಯಿ ಅದು! ನಿನಗಂದಿದ್ದಲ್ಲ... ಹುಂಜಕ್ಕೂ ಅಂದಿದ್ದಲ್ಲ..." ಅವನು ಒಲೆಯ ಮುಂದೆ ಕುಸಿದು ಕೂತ. "ನಿಮ್ಮಪ್ಪ ಇನ್ನೊಂದು ಮಾತು ಹೇಳಿದ್ರು. 'ನನ್ನ ಮಗಳು ದಣಿದ್ರೆ ಬಾಯಿ ಬಿಡಲ್ಲ, ನೀನೇ ಕೇಳ್ಬೇಕು' ಅಂದ್ರು. ದಾರಿ ಉದ್ದಕ್ಕೂ ನೆನಪು ಮಾಡ್ಕೊಂಡೆ. ಎಂಟು ತಿಂಗಳಲ್ಲಿ ಒಂದ್ ಸಲಾನೂ ಕೇಳ್ಲಿಲ್ಲ ನಾನು."

ಮೆಲ್ಲಗೆ ಕೇಳಿದ. "ತುಂಬಾ ದಣಿವಾಗಿದ್ಯಾ, ಮಾನ್‌ಮೊಯ್?"

ಬೆಳಗಿನಿಂದ ಬಾರದಿದ್ದ ಅಳು ಆಗ ಬಂತು. ಅವಳು ಮುಖ ಮುಚ್ಚಿಕೊಂಡು ಬಿಕ್ಕಿದಳು.

"ಹೂಂ... ತುಂಬಾ."

"ಹೋಗ್ಬೇಡ. ನೀನಿಲ್ದೆ ಈ ಮನೇಲಿ ನಾನಿರಲ್ಲ. ನಿನ್ನ ಕಂಡ್ರೆ ನಂಗೆ... ಮಾತೇ ಬರಲ್ಲ, ಅದಕ್ಕೇ ಕಟ್ಟಿಗೆ ಕೇಳ್ತಿದ್ದೆ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಅವನ ಪಕ್ಕ ಕೂತು, ಕಂಕುಳಿನಿಂದ ಹುಂಜವನ್ನು ಮೆಲ್ಲಗೆ ತನ್ನ ಕಂಕುಳಿಗೆ ತೆಗೆದುಕೊಂಡಳು. ಅದು ಒಮ್ಮೆ ಗೊರ್ ಎಂದು ಸುಮ್ಮನಾಯಿತು.

"ನೀವೂ ದಣಿದಿದ್ದೀರಿ. ಇಲ್ಲೇ ಮಲಗಿ. ಬೆಂಕಿ ನಾನು ನೋಡ್ಕೋತೀನಿ."

"ಮತ್ತೆ ಆ ಗಂಟು?"

ಅವಳು ಗಂಟನ್ನು ಎತ್ತಿ, ಎರಡು ಸಲ ತಟ್ಟಿ ಮೆತ್ತಗೆ ಮಾಡಿದಳು.

"ತಲೆಗಿಟ್ಕೊಳ್ಳಿ."