ಝೀಟಾಳ ಅಳತೆಯ ಸೀಟು

"ಕುಂದರ್ರಿ," ಎಂದ ರಾಮಲಿಂಗ. ಆಮೇಲೆ ನಾಲಿಗೆ ಕಚ್ಚಿಕೊಂಡು ತಿದ್ದಿದ, "ಅಂದ್ರೆ, ಕೂತುಕೊಳ್ಳಿ."

ಝೀಟಾ ಕೂತಳು. ಯಾರು ಎಂತ ಹೇಳಿದರೂ ಹಾಗೆಯೇ ಮಾಡುವುದು ಎಂಟು ತಿಂಗಳಿನಿಂದ ಅವಳಿಗೆ ಅಭ್ಯಾಸವಾಗಿತ್ತು. ಊಟ ಮಾಡು ಎಂದರೆ ಊಟ, ಮಲಗು ಎಂದರೆ ಮಂಚ. ಹಾಗಾಗಿ ಆದಿ ಉಡುಪಿಯ ಆ ಸೀಟು ಹೊಲಿಯುವ ಅಂಗಡಿಯಲ್ಲಿ, ಕಾರಿನಿಂದ ಬಿಚ್ಚಿ ನೆಲಕ್ಕಿಟ್ಟಿದ್ದ ಡ್ರೈವರ್ ಸೀಟಿನ ಮೇಲೆ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಸಿಟಿ ಬಸ್ಸಿನಲ್ಲಿ ಕೂತವರ ಹಾಗೆ ಕೂತಳು.

"ಹಾಗಲ್ಲರೀ. ಗಾಡಿ ಓಡಿಸುವ ಹಾಗೆ. ಕಾಲು ಚಾಚಿ, ಬೆನ್ನು ಹಿಂದೆ ಕೊಡಿ. ಹಾಂ. ಈಗ ಹೇಳಿ, ಎಲ್ಲಿ ಒತ್ತುತ್ತದೆ?"

"ಎಂತದು?"

"ಸೀಟು. ಬೆನ್ನಿಗೋ, ಸೊಂಟಕ್ಕೋ, ತೊಡೆಯ ಕೆಳಗೋ? ಈ ಹಳೇ ಫೋಮು ಕಲ್ಲಾಗಿಬಿಟ್ಟಿದೆ. ಎಲ್ಲಾದರೂ ಒಂದು ಕಡೆ ಒತ್ತಲೇಬೇಕು."

ಝೀಟಾ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಪಾಪ. "ಎಲ್ಲಿಯೂ ಇಲ್ಲ," ಎಂದಳು.

ಕಾರಿನ ಕಥೆ ಹೇಳದೆ ಮುಂದೆ ಹೋದರೆ ನಿಮಗೆ ಇದು ಅರ್ಥವಾಗುವುದಿಲ್ಲ. ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ಝೀಟಾಳಿಗೆ ನಿಶ್ಚಯವಾಗಿದ್ದ ಹುಡುಗ, ಕಾರ್ಕಳದ ಆಂಡ್ರ್ಯೂ, ದೋಹಾದಲ್ಲಿ ಕೂತುಕೊಂಡೇ ಮುಂಬೈಯಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ತರಿಸಿದ್ದು. ಮದುವೆಯ ದಿನ ಇಗರ್ಜಿಯಿಂದ ಹಾಲ್‌ವರೆಗೆ ಮದುಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಬೇಕೆಂದು ಅವನಿಗೆ ಆಸೆ. ತಾನು ಊರಲ್ಲಿಲ್ಲ ಎಂದು ಕಾರನ್ನು ಝೀಟಾಳ ಹೆಸರಿಗೇ ಮಾಡಿಸಿದ. ಕಾಪುವಿನ ಅವಳ ಮನೆಯ ಶೆಡ್ಡಿನಲ್ಲಿ ನಿಲ್ಲಿಸಿದ್ದಾಯಿತು.

ಮದುವೆಗೆ ಮೊದಲು ಮೂರು ಭಾನುವಾರ ಇಗರ್ಜಿಯಲ್ಲಿ ಹುಡುಗ ಹುಡುಗಿಯ ಹೆಸರು ಓದುತ್ತಾರಲ್ಲ, ಅದರಲ್ಲಿ ಎರಡು ಭಾನುವಾರ ಓದಿ ಆಗಿತ್ತು. ಮೂರನೆಯದಕ್ಕೆ ಮೊದಲು ದೋಹಾದಿಂದ ಫೋನ್ ಬಂತು. ಅಲ್ಲಿ ಅವನಿಗೆ ಬೇರೆ ಯಾರೋ ಇದ್ದರಂತೆ. "ನನಗೆ ಆಗುವುದಿಲ್ಲ ಝೀಟಾ. ಕಾರು ನೀನೇ ಇಟ್ಟುಕೋ," ಎಂದ. ಅವಳು "ಸರಿ" ಎಂದು ಫೋನಿಟ್ಟು, ಅರ್ಧಕ್ಕೆ ಬಿಟ್ಟಿದ್ದ ತೆಂಗಿನಕಾಯಿಯನ್ನು ತುರಿದು ಮುಗಿಸಿದಳು.

ಅಷ್ಟೇ. ಅಳಲಿಲ್ಲ. ಅವಳ ತಾಯಿ ಒಲಿಂಡಾಬಾಯಿ ವಾರಗಟ್ಟಲೆ ಕಾದರು, ಈಗ ಅಳುತ್ತಾಳೆ, ಆಗ ಅಳುತ್ತಾಳೆ ಎಂದು. ಇವಳು ಬೆಳಿಗ್ಗೆ ಎದ್ದು ಮಣಿಪಾಲಕ್ಕೆ ಹೋಗಿ, ಲ್ಯಾಬಿನಲ್ಲಿ ರೋಗಿಗಳ ಕೈಯಿಂದ ರಕ್ತ ತೆಗೆದು ಬರುತ್ತಿದ್ದಳು. "ಸ್ವಲ್ಪ ನೋವಾಗ್ತದೆ, ಆಯ್ತಾ?" ಎಂದು ದಿನಕ್ಕೆ ಎಪ್ಪತ್ತು ಸಲ ಹೇಳುವವಳಿಗೆ ತನ್ನ ನೋವು ಎಲ್ಲಿ ಹೋಯಿತೆಂದು ಗೊತ್ತಿರಲಿಲ್ಲ.

ಕಾರಿನ ಸೀಟುಗಳು ಮೊದಲೇ ಸವೆದಿದ್ದವು, ಉಳಿದದ್ದನ್ನು ಶೆಡ್ಡಿನ ಇಲಿಗಳು ನೋಡಿಕೊಂಡವು. ಬಜಗೋಳಿಯ ಗುಣಪಾಲ ಎಂಬವರು ಫೋಟೋ ನೋಡಿ, ಮೆಕ್ಯಾನಿಕ್‌ನನ್ನು ಕಳಿಸಿ ಇಂಜಿನ್ ನೋಡಿಸಿ, "ಸೀಟು ಸರಿ ಮಾಡಿಸಿ ಕೊಟ್ಟರೆ ತೆಗೆದುಕೊಳ್ಳುತ್ತೇನೆ" ಎಂದಿದ್ದರು. ಹಾಗಾಗಿ ಝೀಟಾ ಇಲ್ಲಿಗೆ ಬಂದದ್ದು. ಮಾರುವ ಕಾರು ಎಂದು ರಾಮಲಿಂಗನಿಗೆ ಅವಳು ಹೇಳಲಿಲ್ಲ. ಅವನು ಕೇಳಲೂ ಇಲ್ಲ.

ಅವನ ಕೆಲಸದ ಕ್ರಮವೇ ಬೇರೆ. ಬಾದಾಮಿ ಕಡೆಯವನು, ಇಲ್ಲಿಗೆ ಬಂದು ಹದಿನಾಲ್ಕು ವರ್ಷ. ಉಳಿದ ಅಂಗಡಿಯವರ ಹಾಗೆ ಹಳೆ ಸೀಟಿನ ಮೇಲೆ ಹೊಸ ಕವರು ಎಳೆದು ಕಳಿಸುವವನಲ್ಲ. ಓಡಿಸುವವರನ್ನು ಕೂರಿಸಿ, ಅವರ ಮೈಗೆ ತಕ್ಕಂತೆ ಫೋಮನ್ನು ಪದರ ಪದರವಾಗಿ ಏರಿಸಿ, ಕೆತ್ತಿ, ಮತ್ತೆ ಕೂರಿಸಿ ಕೇಳುತ್ತಾನೆ. ಅವರು ಎಲ್ಲಿಯೂ ಒತ್ತುವುದಿಲ್ಲ ಎನ್ನುವವರೆಗೆ ಹೊಲಿಗೆ ಹಾಕುವುದಿಲ್ಲ. ಮೊದಲ ದಿನವೇ "ಒತ್ತುವುದಿಲ್ಲ" ಎಂದವಳು ಇವಳೊಬ್ಬಳೇ.

ಎರಡನೆಯ ಶನಿವಾರ ಅವಳು ಬಂದಾಗ ಹೊಸ ಫೋಮು ಕೂರಿಸಿ ಆಗಿತ್ತು.

"ಎಲ್ಲಿ ಒತ್ತುತ್ತದೆ?"

"ಗೊತ್ತಾಗುವುದಿಲ್ಲ."

ಅವನು ಅವಳನ್ನು ಎಬ್ಬಿಸಿ, ಬೆನ್ನಿನ ಫೋಮಿನ ಹಿಂದೆ ಕೈ ಹಾಕಿ, ಬಟ್ಟೆಯ ಅಳತೆ ಟೇಪಿನ ಇಡೀ ಸುರುಳಿಯನ್ನೇ ಹೊರಗೆ ತೆಗೆದ.

"ನಾನೇ ಇಟ್ಟಿದ್ದು. ಇದೂ ತಾಗಲಿಲ್ಲವಾ?"

"ಇಲ್ಲ," ಎಂದಳು ಝೀಟಾ. ಸುಳ್ಳು ಹೇಳಿ ಸಿಕ್ಕಿಬಿದ್ದವಳ ಹಾಗೆ ಅವಳ ಮುಖ ಕೆಂಪಾಯಿತು.

ಆಗ ಅವನು ಅವಳನ್ನು ನೋಡಿದ. ಎಂಟು ತಿಂಗಳಿನಿಂದ ಎಲ್ಲರೂ ಅವಳನ್ನು ನೋಡುತ್ತಿದ್ದರು, ಅಯ್ಯೋ ಪಾಪ ಎನ್ನುವ ನೋಟ, ಅದು ಅವಳಿಗೆ ಬಾಯಿಪಾಠ. ಇದು ಅದಲ್ಲ. ಹರಿದ ಸೀಟು ಎಲ್ಲಿಂದ ಹರಿಯಲು ಶುರುವಾಯಿತು ಎಂದು ಹುಡುಕುವವನ ನೋಟ. ರೆಪ್ಪೆಯ ಮೇಲೆ ಫೋಮಿನ ಬಿಳಿ ಪುಡಿ ಕೂತಿತ್ತು. ಅವನು ಕಣ್ಣು ಮಿಟುಕಿಸಿದಾಗ ಒಂದು ಕಣ ಉದುರಿತು. ಝೀಟಾ ಅದನ್ನು ನೋಡಿದಳು, ಯಾಕೆ ನೋಡಿದೆ ಎಂದು ಅವಳಿಗೇ ತಿಳಿಯಲಿಲ್ಲ.

"ಯಾವಾಗಿನಿಂದ ಹಿಂಗ?" ಎಂದ. ಗಾಬರಿಯಲ್ಲಿ ಅವನ ಊರಿನ ಮಾತು ಹೊರಗೆ ಬಂದಿತ್ತು.

ಅವಳು ಹೇಳಿದಳು. ಎರಡು ಭಾನುವಾರ, ದೋಹಾದ ಫೋನು, ಕಾರು, ಕಾಯಿತುರಿ. ಬೇರೆ ಯಾರದೋ ರಿಪೋರ್ಟ್ ಓದುವ ಹಾಗೆ ಹೇಳಿ ಮುಗಿಸಿದಳು. ಅವನು ಹೋಗಲಿ ಬಿಡಿ ಎನ್ನಲಿಲ್ಲ, ಒಳ್ಳೆಯದೇ ಆಯಿತು ಎನ್ನಲಿಲ್ಲ.

"ಹಾಗಾದರೆ ಅವಸರ ಬೇಡ," ಎಂದ. "ನಿಧಾನ ಮಾಡುವ."

ಚರ್ಮದ ಬಣ್ಣ ಯಾವುದು ಎಂದು ಕೇಳಿದರೆ "ಯಾವುದಾದರೂ ಆಗಬಹುದು" ಎಂದಳು. ಅವನು ಆರು ಬಣ್ಣದ ತುಂಡುಗಳನ್ನು ತಂದ. "ಕೈ ಸ್ವಲ್ಪ ಕೊಡಿ." ಅವಳ ಮಣಿಕಟ್ಟಿನ ಪಕ್ಕ ಒಂದೊಂದನ್ನೇ ಇಟ್ಟು ನೋಡಿದ. ಮುಟ್ಟಲಿಲ್ಲ. ಮುಟ್ಟದೆ ಇರುವುದಕ್ಕೆ ಅವನು ಪಡುತ್ತಿದ್ದ ಪಾಡು ನೋಡಿದರೆ ಯಾರಿಗಾದರೂ ನಗು ಬರಬೇಕು. ಕೊನೆಗೆ ಬೆಲ್ಲದ ಬಣ್ಣದ ಒಂದು ತುಂಡನ್ನು ಅಲ್ಲೇ ಬಿಟ್ಟು, "ಇದು," ಎಂದ.

"ಕಾರಿಗೆ ಮ್ಯಾಚ್ ಆಗ್ತದಾ?"

"ಕಾರಿಗೆ ಯಾರು ನೋಡಿದರು?"

ಹೇಳಿದ್ದೇ ತಡ, ಹುಡುಕಲು ಏನೂ ಇಲ್ಲದ ಡಬ್ಬಿಯಲ್ಲಿ ಸೂಜಿ ಹುಡುಕತೊಡಗಿದ.

ಮೂರನೆಯ ಶನಿವಾರ ಅಂಗಡಿಗೆ ಶಟರ್ ಬಿದ್ದಿತ್ತು. ತಂಗಿಯ ಮಗುವಿನ ತೊಟ್ಟಿಲು ಶಾಸ್ತ್ರಕ್ಕೆ ಊರಿಗೆ ಹೋಗಿದ್ದಾನೆ, ಬುಧವಾರ ಬರುತ್ತಾನೆ ಎಂದರು ಪಕ್ಕದ ಟಯರ್ ಅಂಗಡಿಯವರು. ಝೀಟಾ "ಸರಿ" ಎಂದಳು. ಆದರೂ ಹದಿನೈದು ನಿಮಿಷ ಅಲ್ಲಿಯೇ ನಿಂತಿದ್ದಳು. ಆ ಮಧ್ಯಾಹ್ನ ಊಟ ಸೇರಲಿಲ್ಲ, ರಾತ್ರಿಯೂ ಸೇರಲಿಲ್ಲ. ಜ್ವರ ಇರಬೇಕೆಂದು ಸೋಮವಾರ ಲ್ಯಾಬಿನಲ್ಲಿ ತನ್ನದೇ ರಕ್ತ ಪರೀಕ್ಷೆ ಮಾಡಿಸಿದಳು ಮಾರಾಯ್ರೆ! ಎಲ್ಲ ನಾರ್ಮಲ್ ಎಂದು ಬಂತು.

ನಾಲ್ಕನೆಯ ಶನಿವಾರ ಅವನು ಇದ್ದ. ರಸ್ತೆಯ ಆಚೆಯಿಂದಲೇ ಅವಳನ್ನು ಕಂಡು, ಬಾಯಲ್ಲಿದ್ದ ದಾರ ತೆಗೆದು, ಅಂಗೈಯಿಂದ ಕೂದಲು ಸರಿ ಮಾಡಿಕೊಂಡ. ಅವಳು ದಾಟುವಷ್ಟರಲ್ಲಿ ಮತ್ತೊಮ್ಮೆ ಸರಿ ಮಾಡಿಕೊಂಡ. ಝೀಟಾ ನೋಡಿಯೂ ನೋಡದ ಹಾಗೆ ಬಂದು ಸೀಟಿನಲ್ಲಿ ಕೂತಳು. ಕಾಲು ಚಾಚಿದಳು. ಬೆನ್ನು ಹಿಂದೆ ಕೊಟ್ಟಳು.

"ಇಲ್ಲಿ," ಎಂದಳು.

"ಏನು?"

"ಬಲಗಡೆ. ಸೊಂಟದ ಹತ್ತಿರ. ಒತ್ತುತ್ತದೆ."

"ನಿಜವಾಗಿ?"

"ನೋವಾಗ್ತದೆ ಮಾರಾಯ್ರೆ!"

ರಾಮಲಿಂಗ ಕುಣಿಯುವುದೊಂದು ಬಾಕಿ. ಬ್ಲೇಡು ತಂದು, ಬೆಂಕಿಪೊಟ್ಟಣದಷ್ಟು ಫೋಮನ್ನು ಕತ್ತರಿಸಿ ತೆಗೆದು, ಮತ್ತೆ ಕೂರಿಸಿ, "ಈಗ?" ಎಂದ. "ಈಗ ಇಲ್ಲ," ಎಂದಳು. ಈ ಇಲ್ಲ ಮೊದಲಿನ ಇಲ್ಲ ಅಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಬೇರೆ ಬೇರೆ ಕಡೆ ನೋಡಿ ನಕ್ಕರು.

ಮರುವಾರ ಭಾನುವಾರ ಬೆಳಿಗ್ಗೆ, ಇಗರ್ಜಿಯ ಪೂಜೆ ಮುಗಿಸಿ ಝೀಟಾ ನೇರವಾಗಿ ಅಂಗಡಿಗೆ ಬಂದಳು. ಕಾರು ಹೊರಗೆ ನಿಂತಿತ್ತು. ಬೆಲ್ಲದ ಬಣ್ಣದ ಸೀಟು, ಅಂಚಿಗೆ ಬಿಳಿ ಹೊಲಿಗೆ. ಅವಳು ಗಿಡ್ಡ, ಐದಡಿಗೆ ಒಂದಿಂಚು ಕಡಿಮೆ. ಹಳೆ ಸೀಟಿನಲ್ಲಿ ಸ್ಟಿಯರಿಂಗ್‌ನ ಮೇಲಿಂದ ರಸ್ತೆ ಕಾಣಲು ಕತ್ತು ಎತ್ತಬೇಕಿತ್ತು. ಈಗ ಕೂತರೆ ರಸ್ತೆ ತಾನಾಗಿ ಕಂಡಿತು, ಕಾಲು ಕ್ಲಚ್ಚಿಗೆ ತಾನಾಗಿ ಮುಟ್ಟಿತು. ಮೂವತ್ತೊಂದು ವರ್ಷದಲ್ಲಿ ತನಗೆ ಅಂತಲೇ ಯಾರೂ ಏನನ್ನೂ ಮಾಡಿರಲಿಲ್ಲ ಎಂದು ಅವಳಿಗೆ ಅನಿಸಿತು.

ಅಷ್ಟರಲ್ಲಿ ಗುಣಪಾಲರು ಬಂದರು. ಬರಲು ಹೇಳಿದವಳು ಅವಳೇ. ಆರಡಿ ಎರಡಿಂಚಿನ ಆಳು.

"ಚಂದ ಆಗಿದೆ," ಎಂದು ಬಾಗಿಲು ತೆಗೆದು ಕೂತರು. ಅಂದರೆ, ಕೂರಲು ನೋಡಿದರು. ತಲೆ ರೂಫಿಗೆ ಬಡಿಯಿತು. ಸೀಟನ್ನು ಪೂರ್ತಿ ಹಿಂದೆ ಸರಿಸಿದರೂ ಮೊಣಕಾಲು ಸ್ಟಿಯರಿಂಗ್‌ಗೆ ಸಿಕ್ಕಿಬಿತ್ತು. ಹೊರಗೆ ಬರಲು ರಾಮಲಿಂಗನೇ ಕೈ ಕೊಡಬೇಕಾಯಿತು.

"ಇದೆಂತ ಮಾರಾಯ, ಶಾಲೆಯ ಮಕ್ಕಳಿಗೆ ಮಾಡಿದ್ದಾ? ಕಾರು ತೆಗೆದುಕೊಳ್ಳುವವನು ನಾನು. ಎರಡಿಂಚು ಇಳಿಸಿ ಕೊಡಿ, ಬುಧವಾರ ಬಂದು ತೆಗೆದುಕೊಂಡು ಹೋಗುತ್ತೇನೆ." ನೆತ್ತಿ ಉಜ್ಜಿಕೊಳ್ಳುತ್ತಾ ಹೋದರು. ಒಳ್ಳೆಯ ಮನುಷ್ಯ, ಅವರದೇನೂ ತಪ್ಪಿಲ್ಲ.

ರಾಮಲಿಂಗ ಕಾರನ್ನೇ ನೋಡುತ್ತಾ ನಿಂತ.

"ಮಾರುತ್ತೀರಿ ಅಂತ ಹೇಳಲಿಲ್ಲ ನೀವು."

"ನೀವು ಕೇಳಲಿಲ್ಲ."

"ಖರೆ," ಎಂದ. ಕೋಪವಿರಲಿಲ್ಲ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಒಳಗೆ ಹೋಗಿ ಹೊಲಿಗೆ ಬಿಚ್ಚುವ ಸಣ್ಣ ಬ್ಲೇಡು ತಂದು, ಕಾರಿನ ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕೂತು, ಸೀಟಿನ ಬಲಗಡೆ, ಸೊಂಟದ ಹತ್ತಿರದ ಹೊಲಿಗೆಯನ್ನು ಹೆಬ್ಬೆರಳಿನಿಂದ ತಡವಿದ. ಬ್ಲೇಡಿನ ತುದಿ ಮೊದಲ ಹೊಲಿಗೆಯನ್ನು ಎತ್ತಿತು.

ತನ್ನ ಸೊಂಟಕ್ಕೇ ಬ್ಲೇಡು ತಾಗಿದ ಹಾಗೆ ಝೀಟಾ ಕೂಗಿದಳು.

"ಬೇಡ!"

ಅವನ ಕೈ ನಿಂತಿತು. ಅದರ ಮೇಲೆ ಅವಳ ಕೈ ಇತ್ತು. ಯಾವಾಗ ಇಟ್ಟಳೋ ಗೊತ್ತಿಲ್ಲ.

"ಬೇಡ. ಕತ್ತರಿಸಬೇಡಿ. ನಾನು ಕೊಡುವುದಿಲ್ಲ ಅವರಿಗೆ."

"ಯೋಚನೆ ಮಾಡಿ ಹೇಳಿ. ಆ ದೋಹಾದ ಮನುಷ್ಯನ ನೆನಪಿನ ಕಾರು ಇದು. ಇಟ್ಟುಕೊಂಡು ಏನು ಮಾಡುತ್ತೀರಿ?"

"ಕಾರು ಅವನದ್ದಿರಬಹುದು. ಸೀಟು ನನ್ನದು."

ರಾಮಲಿಂಗ ಬ್ಲೇಡನ್ನು ಕೆಳಗಿಟ್ಟ. ಕೈ ಮಾತ್ರ ಎಳೆದುಕೊಳ್ಳಲಿಲ್ಲ.

"ರೀ, ಇದು ನಾಲ್ಕು ದಿನದ ಕೆಲಸ. ನಾನು ಐದು ವಾರ ಮಾಡಿದೆ. ಯಾಕೆ ಅಂತ ನಿಮಗೆ ಗೊತ್ತಾಗಲಿಲ್ಲವಾ?"

"ನನಗೆ ಟೇಪಿನ ಸುರುಳಿಯೇ ಗೊತ್ತಾಗಲಿಲ್ಲ. ಇದು ಹೇಗೆ ಗೊತ್ತಾಗಬೇಕು?"

ಅವನು ನಕ್ಕ. ಆಮೇಲೆ ನಗು ನಿಂತಿತು. "ನನಗ ನಿಮ್ಮ ಮ್ಯಾಲೆ ಮನಸ್ಸೈತಿ," ಎಂದ. ಈ ಸಲ ತಿದ್ದಿಕೊಳ್ಳಲಿಲ್ಲ. "ನೀವು ಇಗರ್ಜಿಗೆ ಹೋಗೋರು, ನಾ ಕೊರಳಾಗ ಲಿಂಗ ಕಟ್ಟಿಕೊಂಡಾಂವ. ಸುಲಭ ಅಲ್ಲ, ಗೊತ್ತೈತಿ. ಬ್ಯಾಡ ಅಂದ್ರೆ ಬ್ಯಾಡ."

ಝೀಟಾ ತನ್ನೊಳಗೆ ಹುಡುಕಿದಳು. ಹಾರಿ ಕುಣಿಯುವಂಥದ್ದು ಏನೂ ಸಿಗಲಿಲ್ಲ. ಆದರೆ ಸುಳ್ಳು ಹೇಳುವುದು ಅವಳಿಗೆ ಬೇಡವಾಗಿತ್ತು.

"ನನಗೆ ಪ್ರೀತಿ ಅಂತ ಈಗ ದೊಡ್ಡದಾಗಿ ಎಂತ ಆಗುವುದಿಲ್ಲ," ಎಂದಳು. "ಇನ್ನೂ ಅರ್ಧ ಮರಗಟ್ಟಿಯೇ ಉಂಟು. ಆದರೆ ನೀವು ಊರಿಗೆ ಹೋಗಿದ್ದಿರಲ್ಲ, ಆ ನಾಲ್ಕು ದಿನ ನನಗೆ ಊಟ ಸೇರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದೆ. ಅದರಲ್ಲಿ ಎಂತದೂ ಇರಲಿಲ್ಲ. ನಿನ್ನೆಯಷ್ಟೇ ನನಗೆ ಅಂದಾಜಾಯಿತು, ಅದು ನೀವು."

"ಸಾಕು," ಎಂದ ರಾಮಲಿಂಗ. "ಭಾಳ ಆತು."

ಝೀಟಾ ಮೊದಲು ಗುಣಪಾಲರಿಗೆ ಫೋನ್ ಮಾಡಿ, ಕಾರು ಕೊಡುವುದಿಲ್ಲ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ ಎಂದಳು. ತಲೆ ಇನ್ನೂ ನೋಯುತ್ತಿತ್ತೋ ಏನೋ, ಅವರು ಒತ್ತಾಯ ಮಾಡಲಿಲ್ಲ. ಆಮೇಲೆ ಮನೆಗೆ ಫೋನ್ ಮಾಡಿದಳು.

"ಮಮ್ಮಿ, ಮಧ್ಯಾಹ್ನ ಊಟಕ್ಕೆ ಒಬ್ಬರನ್ನು ಕರೆದುಕೊಂಡು ಬರ್ತೇನೆ."

"ಯಾರನ್ನು?"

"ಸೀಟು ಮಾಡಿದವರು. ರಾಮಲಿಂಗ ಅಂತ."

ಆ ಕಡೆ ಒಲಿಂಡಾಬಾಯಿ ಸೌಟು ಕೆಳಗಿಟ್ಟ ಸದ್ದಾಯಿತು. ಮಗಳು ಇಷ್ಟು ತಿಂಗಳಲ್ಲಿ ತಾನಾಗಿ ಬಾಯಿಬಿಟ್ಟು ಏನನ್ನೂ ಕೇಳಿರಲಿಲ್ಲ. ಆ ಹೆಸರು ಎಂಥ ಹೆಸರು, ಅದು ಮನೆಗೆ ಬಂದರೆ ಗಂಡನ ಅಣ್ಣಂದಿರು ಏನೆನ್ನುತ್ತಾರೆ, ಇಗರ್ಜಿಯ ವಾರ್ಡಿನವರು ಏನೆನ್ನುತ್ತಾರೆ, ಎಲ್ಲ ಆ ತಾಯಿಯ ತಲೆಯಲ್ಲಿ ಓಡಿರಬೇಕು.

"ಭಾನುವಾರ ಅಂತ ಹಂದಿಮಾಂಸ ಮಾಡಿದ್ದೇನಲ್ಲ," ಎಂದರು ಕೊನೆಗೆ, ಮೆಲ್ಲಗೆ.

"ಅವರು ಮಾಂಸ ತಿನ್ನುವುದಿಲ್ಲ ಮಮ್ಮಿ."

"ಮೀನು?"

"ಮೀನೂ ಇಲ್ಲ. ಮೊಟ್ಟೆಯೂ ಇಲ್ಲ."

ಪಾತ್ರೆಯ ಮುಚ್ಚಳ ಮುಚ್ಚಿದ ಸದ್ದು, ಫ್ರಿಜ್ಜಿನ ಬಾಗಿಲು ತೆರೆದ ಸದ್ದು. ಝೀಟಾ ಉಸಿರು ಬಿಗಿಹಿಡಿದು ನಿಂತಳು. ರಾಮಲಿಂಗ ಅವಳ ಮುಖವನ್ನೇ ನೋಡುತ್ತಿದ್ದ.

"ತೊಂಡೆಕಾಯಿ ಉಂಟು," ಎಂದರು ಒಲಿಂಡಾಬಾಯಿ.

ಝೀಟಾ "ಆಯ್ತು ಮಮ್ಮಿ" ಎನ್ನಲು ಬಾಯಿ ತೆರೆದಳು. ಮಾತು ಬರಲಿಲ್ಲ, ಅಳು ಬಂತು. ಎರಡು ಭಾನುವಾರದ್ದು, ಮೂರನೆಯ ಭಾನುವಾರದ್ದು, ಆಮೇಲಿನ ಎಲ್ಲ ಭಾನುವಾರದ್ದೂ ಸೇರಿ ಒಟ್ಟಿಗೇ ಬಂತು. ರಸ್ತೆಯ ಬದಿಯಲ್ಲಿ, ಜನ ನೋಡುತ್ತಿರುವಾಗ, ಅವಳು ಕಾರಿನ ಬಾಗಿಲು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ರಾಮಲಿಂಗ ಹೌಹಾರಿ, ಏನು ಮಾಡಬೇಕೆಂದು ತೋಚದೆ, ಕೈಗೆ ಸಿಕ್ಕಿದ ಬೆಲ್ಲದ ಬಣ್ಣದ ಚರ್ಮದ ತುಂಡನ್ನೇ ಕಣ್ಣೊರೆಸಲು ಚಾಚಿದ.

ಫೋನಿನ ಆಚೆ ಒಲಿಂಡಾಬಾಯಿ ಎಲ್ಲ ಕೇಳಿಸಿಕೊಂಡರು. ಫೋನಿಡಲಿಲ್ಲ.

"ಅಳು ಮಗಾ, ಅಳು," ಎಂದರು. ಅವರ ಸ್ವರವೂ ಒದ್ದೆಯಾಗಿತ್ತು. "ನಿಧಾನ ಬನ್ನಿ. ತೊಂಡೆಕಾಯಿ ಹೆಚ್ಚಲು ನನಗೂ ಸಮಯ ಬೇಕು."