ಹತ್ತು ಸೀರೆಗಳ ಗಂಟು

"ಟೀಚರಮ್ಮಾ, ನಾಲ್ಕು ಗಂಟೆ ಬಸ್ಸಿಗೆ ಪೊಲೀಸ್ನೋರು ಬತ್ತಾರಂತೆ. ನಮ್ಮನೆಯೋರು ಕಂಡೋರ ಕಡ್ಡೀನೂ ಮುಟ್ಟೋರಲ್ಲ!" ದ್ಯಾವಮ್ಮ ಹೊಸ್ತಿಲಲ್ಲೇ ಕುಸಿದಳು.

ಅದು ೧೯೭೮ರ ಒಂದು ಬುಧವಾರ. ಹಳೇಬೀಡಿನಲ್ಲಿ ಏನು ಕಳೆದರೂ ಜನ ಮೊದಲು ಬರುತ್ತಿದ್ದುದು ನಿವೃತ್ತ ವಿಜ್ಞಾನ ಶಿಕ್ಷಕಿ ಶಾಂತಾದೇವಿಯವರ ಮನೆಗೆ. ಅವರ ಪ್ರಯೋಗಶಾಲೆಯಲ್ಲಿ ಇಪ್ಪತ್ತು ವರ್ಷ ತಕ್ಕಡಿ ಒರೆಸಿದ್ದ ಉಗ್ರಪ್ಪ ಈಗಲೂ ಅವರ ಬೆನ್ನಿಗಿದ್ದ. ಆದರೆ ಅಂದು ದ್ಯಾವಮ್ಮನ ಮಾತು ನಂಬುವ ಧೈರ್ಯ ಅವನಿಗಿರಲಿಲ್ಲ. ದ್ಯಾವಮ್ಮನ ಗಂಡ ಕರಿಬಸವಯ್ಯನ ಕೊಟ್ಟಿಗೆಯಲ್ಲಿ, ಹುಲ್ಲಿನಡಿಯಿಂದ ಸೀರೆಗಂಟು ಹೊರಬಂದುದನ್ನು ಬೆಳಿಗ್ಗೆ ಅವನೇ ನೋಡಿದ್ದ.

ಜವಳಿ ಅಂಗಡಿಯಲ್ಲಿ ಗುಮಾಸ್ತ ಕರಿಬಸವಯ್ಯ ತಲೆ ತಗ್ಗಿಸಿ ನಿಂತಿದ್ದ. ಮಾಲೀಕ ವಿಮಲನಾಥರು ಗಂಟನ್ನು ತೋರಿಸಿದರು. "ಹದಿನೆಂಟು ವರ್ಷ ನಂಬಿದ್ದೆ, ಟೀಚರ್. ಭಾನುವಾರ ಸರಕು ಎಣಿಸಿದಾಗ ಸಾವಿರ ರೂಪಾಯಿ ಕಮ್ಮಿ ಬಂತು. ಅಲ್ಲೇ ಇವನ ಬೀಗದ ಕೈ ಕಿತ್ಕೊಂಡು ಅಳಿಯನಿಗೆ ಕೊಟ್ಟು ಅರಸೀಕೆರೆಗೆ ಹೋದೆ. ಅಂಗಡಿ ಅವತ್ತಿಂದ ಮುಚ್ಚೇ ಇತ್ತು. ಇವತ್ತು ಬಂದು ಇವನ ಕೊಟ್ಟಿಗೆ ಹುಡುಕಿಸಿದ್ರೆ ಇದು ಸಿಕ್ತು."

"ಲೆಕ್ಕ ಹಾಕಿದ್ದು ಯಾರು?"

"ನಾನೇ." ಅಳಿಯ ಅಜಿತಪ್ರಸಾದ ಹಾಳೆ ಚಾಚಿದ. "ಇದ್ದ ಸರಕು ಇಪ್ಪತ್ತೈದು ಸಾವಿರದ್ದು. ವ್ಯಾಪಾರ ಇಪ್ಪತ್ತು ಸಾವಿರ. ಲಾಭ ನೂರಕ್ಕೆ ಇಪ್ಪತ್ತೈದು ಕಳೆದ್ರೆ ಹೋದ ಸರಕು ಹದಿನೈದು ಸಾವಿರದ್ದು. ಹತ್ತು ಸಾವಿರದ್ದು ಉಳೀಬೇಕು, ಸಿಕ್ಕಿದ್ದು ಒಂಬತ್ತು. ಗಂಟಲ್ಲಿರೋ ಹತ್ತು ಸೀರೆ ಸರಿಯಾಗಿ ಸಾವಿರದ್ದು. ಇನ್ನೇನು ಬೇಕು?"

ಹಾಳೆಯ ಮೇಲೆ ಶಾಂತಾದೇವಿಯವರ ಬೆರಳು ತಟ್ಟನೆ ನಿಂತಿತು. "ಉಗ್ರಪ್ಪ, ಗಂಟು ಬಿಟ್ಟು ಕಪಾಟಿನಲ್ಲಿರೋದನ್ನೆಲ್ಲ ಎಣಿಸು. ಪ್ರತಿ ಬಟ್ಟೆಯ ಮಡಿಕೆಯಲ್ಲೂ ಕೊಂಡ ಬೆಲೆ ಬರೆದಿದೆ."

ಗಡಿಯಾರ ಮೂರೂವರೆ ಹೊಡೆಯಿತು. ಉಗ್ರಪ್ಪ ಎರಡೆರಡು ಸಲ ಕೂಡಿದ. "ಎಂಟು ಸಾವಿರ, ಅಮ್ಮ."

ಶಾಂತಾದೇವಿ ದ್ಯಾವಮ್ಮನನ್ನೂ ಒಳಗೆ ಕರೆದರು. "ವಿಮಲನಾಥರೇ, ನೂರಕ್ಕೆ ಕೊಂಡ ಸೀರೆ ಎಷ್ಟಕ್ಕೆ ಮಾರ್ತೀರಿ?"

"ನೂರಿಪ್ಪತ್ತೈದಕ್ಕೆ."

"ಆ ನೂರಿಪ್ಪತ್ತೈದರಲ್ಲಿ ನಿಮ್ಮ ಲಾಭ ಐದರಲ್ಲೊಂದು ಪಾಲು, ನಾಲ್ಕರಲ್ಲೊಂದಲ್ಲ. ಕೊಂಡ ಬೆಲೆಯ ಮೇಲೆ ಕೂಡಿಸಿದ್ದನ್ನ ಅಜಿತ ಮಾರಿದ ಬೆಲೆಯಿಂದ ಕಳೆದಿದ್ದಾನೆ. ಇಪ್ಪತ್ತು ಸಾವಿರದ ವ್ಯಾಪಾರದಲ್ಲಿ ಲಾಭ ನಾಲ್ಕು ಸಾವಿರ, ಹೋದ ಸರಕು ಹದಿನಾರು. ಉಳೀಬೇಕಾದ್ದು ಒಂಬತ್ತು. ಭಾನುವಾರ ಸಿಕ್ಕಿದ್ದೂ ಒಂಬತ್ತೇ!"

"ಅಂದ್ರೆ ಕಳ್ಳತನವೇ ಆಗಿಲ್ಲ?"

"ಭಾನುವಾರದವರೆಗೆ ಆಗಿರ್ಲಿಲ್ಲ. ಇವತ್ತು ಕಪಾಟಿನಲ್ಲಿ ಎಂಟೇ ಇದೆ. ಈ ಹತ್ತು ಸೀರೆ ಹೊರಗೆ ಹೋದದ್ದು ಎಣಿಕೆ ಆದ ಮೇಲೆ. ಆಗ ಬೀಗದ ಕೈ ಯಾರ ಹತ್ರ ಇತ್ತು? ತಪ್ಪು ಲೆಕ್ಕದ ಸಾವಿರಕ್ಕೆ ಸರಿಯಾಗಿ ಸೀರೆ ಜೋಡಿಸಬಲ್ಲವನು, ಆ ಲೆಕ್ಕವನ್ನ ನಂಬಿದವನೇ."

ಅಜಿತಪ್ರಸಾದ ಮಾವನತ್ತ ತಿರುಗಿದ. "ಮಾವ, ಇನ್ನೊಂದು ಬೀಗದ ಕೈ ಮೊದಲಿಂದ್ಲೂ ನನ್ನ ಹತ್ರ ಇತ್ತಲ್ಲ. ನನ್ನ ಮೇಲೆ ಬರುತ್ತೆ ಅಂತ ಹೆದರಿಕೆ ಆಯ್ತು. ಇವರೇ ಕದ್ದಿರ್ತಾರೆ ಅಂತ ನಿಜವಾಗ್ಲೂ ನಂಬಿದ್ದೆ. ಸಾಕ್ಷಿ ಇರ್ಲಿಲ್ಲ, ಅದಕ್ಕೇ..."

ವಿಮಲನಾಥರು ಅಳಿಯನಿಂದ ಬೀಗದ ಕೈಯನ್ನು ಕಿತ್ತುಕೊಂಡು ಕರಿಬಸವಯ್ಯನತ್ತ ಚಾಚಿದರು. ಅವನು ಕೈ ನೀಡಲಿಲ್ಲ.

"ಬೀದಿ ಜನ ಸೇರಿಸಿ ನಮ್ಮ ಕೊಟ್ಟಿಗೆ ಕೆದಕಿದ್ರಿ," ಎಂದಳು ದ್ಯಾವಮ್ಮ. "ಮೂಲೇಲಿ ಬೀಗದ ಕೈ ಕೊಟ್ರೆ ಆಗಾಕಿಲ್ಲ ಸ್ವಾಮಿ."

ವಿಮಲನಾಥರು ಗಂಟನ್ನು ತಮ್ಮ ತಲೆಯ ಮೇಲೇ ಹೊತ್ತು ಬರಿಗಾಲಲ್ಲಿ ಬೀದಿಗಿಳಿದರು. ಬಸ್ಸು ಬಂದು ನಿಂತಿತ್ತು. ಇಳಿಯುತ್ತಿದ್ದ ಪೊಲೀಸರೂ ತಿರುಗಿ ನೋಡಿದರು. "ಕರಿಬಸವಯ್ಯ ಕದ್ದಿಲ್ಲ! ನಮ್ಮ ಮನೆ ಹುಡುಗನೇ ಇಟ್ಟದ್ದು!" ಎಂದು ಮನೆಮನೆಯ ಮುಂದೆ ನಿಂತು ಹೇಳುತ್ತ ಅವರು ಕೊಟ್ಟಿಗೆಯವರೆಗೂ ಹೋಗಿಬಂದರು.

ಆಮೇಲೆ ಕರಿಬಸವಯ್ಯ ಗಂಟು ಬಿಚ್ಚಿ, ಹುಲ್ಲು ಕೊಡವಿ, ಹತ್ತೂ ಸೀರೆಗಳನ್ನು ಒಂದೊಂದಾಗಿ ಕಪಾಟಿಗೆ ಜೋಡಿಸಿದ. ಉಗ್ರಪ್ಪ ಪಕ್ಕದಲ್ಲೇ ನಿಂತು ಎಣಿಸಿದ, ಯಾರೂ ಕೇಳದಿದ್ದರೂ.