ಏಲಕ್ಕಿ ಬಿಟ್ಟು ಎಂಜಿನ್ ಕದ್ದವನು

ಡಿಸೆಂಬರ್ ಒಂಬತ್ತರ ಬೆಳಗ್ಗೆ ಏಲಕ್ಕಿ ವ್ಯಾಪಾರಿ ಪ್ರಭಾಕರನ್ ತಮಿಳುನಾಡಿನ ಬೋಡಿಯ ಪೊಲೀಸ್ ಠಾಣೆಗೆ ಬಂದಾಗ ಒಂದು ಕೈಯಲ್ಲಿ ದೂರಿತ್ತು, ಇನ್ನೊಂದು ಕೈಯಲ್ಲಿ ಕಳ್ಳನಿದ್ದ. ಅವರ ಪ್ರಕಾರ ಕಳ್ಳ. ತಮ್ಮ ಪಿಕಪ್ ಗಾಡಿಯ ಚಾಲಕ ಕಾಮರಾಜನ ರಟ್ಟೆ ಹಿಡಿದು ಅವರು ಬಜಾರಿನುದ್ದಕ್ಕೂ ಎಳೆದುಕೊಂಡು ಬಂದಿದ್ದರು.

"ಗಾಡಿಯೂ ಹೋಯ್ತು, ಒಳಗಿದ್ದ ಏಲಕ್ಕಿ ಮೂಟೆಗಳೂ ಹೋದವು. ಇವನೇ ಮೇಡಂ. ಒಳಗೆ ಹಾಕಿ."

"ಮೊದಲು ಅವನ ಕೈ ಬಿಡಿ," ಎಂದರು ಇನ್ಸ್‌ಪೆಕ್ಟರ್ ಇಂದುಜಾ.

ಕಾಮರಾಜ್‌ಗೆ ಮೂವತ್ತರ ಹತ್ತಿರದ ವಯಸ್ಸು. ಅವಮಾನದಿಂದ ಅವನ ಮುಖ ಕಪ್ಪಿಟ್ಟಿತ್ತು.

"ಗಾಡಿ ಎಲ್ಲಿತ್ತು?"

"ಬೋಡಿಮೆಟ್ಟಿನಲ್ಲಿ. ಟೀ ಅಂಗಡಿ ಪಕ್ಕ. ನಿನ್ನೆ ಸಂಜೆ."

"ಕೀ?"

"ಗಾಡಿಯಲ್ಲೇ ಇತ್ತು ಮೇಡಂ."

ಪ್ರಭಾಕರನ್ ಗಹಗಹಿಸಿದರು. ಇಂದುಜಾ ನಗಲಿಲ್ಲ. ಆ ಘಟ್ಟದ ಮೇಲೆ ಗಾಡಿ ನಿಲ್ಲಿಸುವವರು ಕೀ ಬಿಟ್ಟೇ ಇಳಿಯುತ್ತಾರೆ. ಹಿಂದಿನಿಂದ ಬಸ್ಸು ಬಂದರೆ ಟೀ ಕುಡಿಯುತ್ತಿರುವವರನ್ನು ಹುಡುಕುವ ಬದಲು ಯಾರಾದರೂ ಗಾಡಿ ಸರಿಸಿಕೊಳ್ಳಲಿ ಎಂಬ ರೂಢಿ. ಅಲ್ಲಿನ ಚಾಲಕರಿಗೆಲ್ಲ ಗೊತ್ತಿದ್ದ ರೂಢಿ ಕಳ್ಳನಿಗೂ ಗೊತ್ತಿತ್ತು.

ಬಿಎನ್‌ಎಸ್ 303(2), ಅಂದರೆ ಕಳ್ಳತನದ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ ಕಾಮರಾಜನ ಹೆಸರು ಬರೆಯಬೇಕೆಂದು ಪ್ರಭಾಕರನ್ ಹಟ ಹಿಡಿದರು. ಇಂದುಜಾ 'ಅಪರಿಚಿತ' ಎಂದೇ ಬರೆಸಿದರು. ಆದರೂ ಅನುಮಾನದ ವ್ಯಕ್ತಿಯೆಂದು ಕಾಮರಾಜ್ ದಿನಾ ಬೆಳಗ್ಗೆ ಠಾಣೆಗೆ ಬಂದು ಸಹಿ ಹಾಕಬೇಕಾಯಿತು. ಅಷ್ಟು ಸಾಕಾಗಿತ್ತು. ಬೋಡಿಯ ಜೀಪ್ ಸ್ಟ್ಯಾಂಡಿನಲ್ಲಿ ಅವನು ಹತ್ತಿರ ಬಂದರೆ ಉಳಿದ ಚಾಲಕರು ಮಾತು ನಿಲ್ಲಿಸುತ್ತಿದ್ದರು. ಒಬ್ಬ ಎಸ್ಟೇಟ್ ಮಾಲೀಕನೂ ಅವನ ಕೈಗೆ ಗಾಡಿ ಕೊಡಲಿಲ್ಲ. ಕಳ್ಳ ಸಿಗದಿದ್ದರೆ ಈ ಹುಡುಗ ಕೋರ್ಟಿಗೆ ಹೋಗದೆಯೇ ಜೀವನಪೂರ್ತಿ ಕಳ್ಳನಾಗಿ ಉಳಿಯುತ್ತಾನೆ ಎಂಬುದು ಇಂದುಜಾರಿಗೆ ಚೆನ್ನಾಗಿ ಗೊತ್ತಿತ್ತು, ಅದು ಅವರ ನಿದ್ದೆ ಕೆಡಿಸಿತ್ತು.

ವಾರ ಕಳೆಯುವುದರೊಳಗೆ ಗಾಡಿ ಸಿಕ್ಕಿತು. ತೇವಾರಂ ದಾರಿಯಲ್ಲಿ, ಬೆಟ್ಟದ ಬುಡದ ಒಣ ಹಳ್ಳವೊಂದರಲ್ಲಿ ಬಿದ್ದಿದ್ದನ್ನು ಆಡು ಕಾಯುವವರು ನೋಡಿ ತಿಳಿಸಿದ್ದರು. ಇಂದುಜಾ, ಹೆಡ್ ಕಾನ್‌ಸ್ಟೇಬಲ್ ಮುತ್ತಯ್ಯನೊಂದಿಗೆ ಹೋಗಿ ಪಂಚನಾಮೆ ನಡೆಸಿದರು. ಟಯರ್ ನಾಲ್ಕೂ ಇದ್ದವು. ಬ್ಯಾಟರಿ ಇತ್ತು. ಬಾನೆಟ್ ಎತ್ತಿದರೆ ಒಳಗೆ ಬಯಲು. ಎಂಜಿನ್ ಇರಲಿಲ್ಲ.

ಮುತ್ತಯ್ಯ ಹಿಂದಿನ ಟಾರ್ಪಾಲು ಬಿಚ್ಚಿದ. ಘಮ್ಮೆಂದಿತು. ಮೂಟೆಗಳು ಒಂದೂ ಕದಲಿರಲಿಲ್ಲ. ಮಂಜು ತಾಗದಿರಲಿ ಎಂದು ಯಾರೋ ಅವುಗಳ ಮೇಲೆ ಎರಡನೆಯ ಹೊದಿಕೆಯನ್ನೂ ಹಾಕಿ ಬಿಗಿದಿದ್ದರು.

"ಏಲಕ್ಕಿ ಹಂಗೇ ಅದೆ ಅಮ್ಮಾ," ಎಂದ ಮುತ್ತಯ್ಯ ಮನೆಮಾತಿನಲ್ಲಿ. "ಕಳ್ಳುನ್ಗೆ ಮೂಗಿಲ್ಲ ಅಂತ ಕಾಣ್ತದೆ."

ಇಬ್ಬರೂ ತಲೆಮಾರುಗಳ ಹಿಂದೆ ಇಲ್ಲಿನ ಕಣಿವೆಯಲ್ಲಿ ನೆಲೆಸಿದ ಕನ್ನಡ ಮನೆತನದವರು. ಮುತ್ತಯ್ಯ ತೇವಾರಂ ಕಡೆಯವನು, ಇಂದುಜಾ ಕಂಬಂನವರು. ಆಕೆಗೆ ಆ ಮಾತು ಪೂರ್ತಿ ಅರ್ಥವಾಗುತ್ತಿತ್ತು, ಆಡಲು ಹೋದರೆ ಅರ್ಧ ತಮಿಳೇ ಬರುತ್ತಿತ್ತು. ಠಾಣೆಯಲ್ಲಿ ತಮಿಳು, ಇಬ್ಬರೇ ಇದ್ದಾಗ ಹೀಗೆ.

"ಕಾಮರಾಜ್ ಆಗಿದ್ರೆ ಏಲಕ್ಕಿ ವಿತ್ತ್‌ಬುಟ್ಟು ಹೋಗಿರ್ತಿದ್ದ," ಎಂದರು ಇಂದುಜಾ.

"ವಿತ್ತ್‌ಬುಟ್ಟು ಅಲ್ಲಮ್ಮಾ, ಮಾರ್‌ಬುಟ್ಟು. ನಿಮ್ಮಜ್ಜಿ ಕೇಳಿದ್ರೆ ತಲೆ ಚಚ್ಕೋತಿದ್ರು."

ಮಣ್ಣಿನಲ್ಲಿ ಟ್ರ್ಯಾಕ್ಟರಿನ ಗಾಲಿ ಗುರುತು ಆಳವಾಗಿ ಮೂಡಿತ್ತು. ಎಂಜಿನ್ ಬಿಚ್ಚಿದ ಮೇಲೆ ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದಿದ್ದಾರೆ. ಅಂದರೆ ಗುಜರಿ ಗ್ಯಾಂಗ್ ಅಲ್ಲ, ಹೊಲ ಮನೆ ಇರುವವನು.

ತೇನಿಯ ಸರ್ವಿಸ್ ಸೆಂಟರಿನಿಂದ ಬಂದ ತಂತ್ರಜ್ಞೆ ಸತ್ಯಾ ಒಳಗೆ ತಲೆ ಹಾಕಿ ಬಹಳ ಹೊತ್ತು ನೋಡಿದಳು.

"ಎಂಜಿನ್ ಒಂದೇ ಅಲ್ಲ ಮೇಡಂ. ವೈರಿಂಗ್ ಪೂರ್ತಿ, ಕೀ ಸ್ವಿಚ್ಚು, ಮೀಟರು, ಆಕ್ಸಿಲರೇಟರ್ ಪೆಡಲ್ಲೂ ಇಲ್ಲ. ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆಯನ್ನೂ ಬಿಚ್ಚಿದ್ದಾರೆ."

"ಪೆಡಲ್ ಯಾಕೆ?"

"ಹೊಸ ಎಂಜಿನ್ನು ತನ್ನ ಪೆಡಲ್ಲು, ತನ್ನ ಕೀ, ತನ್ನ ಪೆಟ್ಟಿಗೆ ಇಲ್ಲದೆ ಕೆಮ್ಮುವುದೂ ಇಲ್ಲ. ಮಾರುವವನಿಗೆ ಇದೆಲ್ಲ ಬೇಕಿಲ್ಲ. ಇದನ್ನು ಬೇರೆ ಗಾಡಿಗೆ ಕೂರಿಸುವವನು ಮಾಡಿರೋ ಕೆಲಸ."

"ಎಂಥ ಗಾಡಿಗೆ?"

"ಗೇರ್ ಬಾಕ್ಸ್ ಬಿಟ್ಟು ಹೋಗಿದ್ದಾನೆ. ಅಂದರೆ ಅವನ ಹತ್ತಿರ ತನ್ನದೇ ಗೇರ್ ಬಾಕ್ಸ್ ಇದೆ, ಅದನ್ನು ಬಿಡೋಕೆ ಆಗಲ್ಲ. ನನ್ನ ಅಂದಾಜಲ್ಲಿ ಹಳೇ ಫೋರ್ ವೀಲ್ ಡ್ರೈವ್. ಮುಂದಿನ ಗಾಲಿಗೆ ಶಕ್ತಿ ಕೊಡೋ ಪೆಟ್ಟಿಗೆ ಆ ಗೇರ್ ಬಾಕ್ಸಿಗೇ ಅಂಟಿಕೊಂಡಿರುತ್ತೆ."

ಏಲಕ್ಕಿ ಮರಳಿ ಸಿಕ್ಕಿದ ಮೇಲೂ ಪ್ರಭಾಕರನ್ ತಣ್ಣಗಾಗಲಿಲ್ಲ. ಕಾಮರಾಜನೇ ಯಾರಿಗೋ ಸುಳಿವು ಕೊಟ್ಟಿದ್ದಾನೆ ಎಂದು ಹೊಸ ರಾಗ ತೆಗೆದರು.

ಹೊಸ ಎಂಜಿನ್ನಿನ ಬಾಯಿಗೂ ಹಳೆಯ ಗೇರ್ ಬಾಕ್ಸಿನ ಬಾಯಿಗೂ ಅಳತೆ ಕೂಡುವುದಿಲ್ಲ. ನಡುವೆ ದಪ್ಪ ಉಕ್ಕಿನ ತಟ್ಟೆಯೊಂದನ್ನು ಕಡೆಸಬೇಕು. ಹಾಗಾದರೆ ಕಡೆದವರು ಯಾರು? ತೇನಿ, ಕಂಬಂ, ಉತ್ತಮಪಾಳಯಂ. ಲೇತ್ ಅಂಗಡಿಗಳನ್ನೆಲ್ಲ ಇಂದುಜಾ ಜಾಲಾಡಿದರು. ಎಲ್ಲೂ ಇಲ್ಲ. ಮುತ್ತಯ್ಯನ ಮಂಡಿ ನೋವು ಜಾಸ್ತಿಯಾಯಿತು, ಆಕೆಯ ಹಟವೂ ಜಾಸ್ತಿಯಾಯಿತು. ಜನವರಿ ಮೊದಲ ವಾರ ಹುಡುಕಾಟ ದಿಂಡಿಗಲ್‌ಗೆ ಮುಟ್ಟಿತು. ಅಲ್ಲಿ ಬೀಗ ಮಾಡುವವರ ಬೀದಿಯ ಹಿಂದೆ ಶಿವಬಾಲನ್ ಎಂಬವನ ಅಂಗಡಿ.

"ಹೌದು, ಒಂದು ತಟ್ಟೆ ಕಡೆದೆ," ಎಂದ ಶಿವಬಾಲನ್. "ವಯಸ್ಸಾದವರು. ರಟ್ಟಿನಲ್ಲಿ ಅಚ್ಚು ಕತ್ತರಿಸಿ ತಂದಿದ್ದರು. ಅಚ್ಚು ಕೂದಲೆಳೆಯಷ್ಟೂ ತಪ್ಪಿರಲಿಲ್ಲ."

"ಹೆಸರು?"

"ಕೇಳಲಿಲ್ಲ."

"ಊರು?"

"ಹೇಳಲಿಲ್ಲ. ತಟ್ಟೆ ಕೊಟ್ಟೆ, ಹೋದರು."

ಇಂದುಜಾ ಬೇಸರದಿಂದ ಮುತ್ತಯ್ಯನ ಕಡೆ ತಿರುಗಿ ಮನೆಮಾತಿನಲ್ಲಿ ಏನೋ ಅಂದರು. ಶಿವಬಾಲನ್ ಲೇತ್ ನಿಲ್ಲಿಸಿದ.

"ಇದೇ ಭಾಷೆ! ನನ್ನ ಹತ್ತಿರ ತಮಿಳು ಆಡಿದರು. ಆಮೇಲೆ ಫೋನಿನಲ್ಲಿ ಯಾರ ಜೊತೆಗೋ ನೀವೀಗ ಆಡಿದ ಹಾಗೇ ಆಡಿದರು."

ಇಬ್ಬರೂ ಜೀಪು ಹತ್ತಿದರು. ಕಳ್ಳ ತಮ್ಮ ಕನ್ನಡದವನೇ ಎಂದು ತಿಳಿದದ್ದು ಇಂದುಜಾರಿಗೆ ಬೇಡವಾಗಿತ್ತು. ಆದರೆ ಬೆಳಗ್ಗೆ ಸಹಿ ಹಾಕಲು ಬಂದ ಕಾಮರಾಜನ ಮುಖವೂ ಕಣ್ಣೆದುರಿಗಿತ್ತು.

"ಬೆಟ್ಟುದ್ ಬುಡ್ದಲ್ಲಿ ನಮ್ಮೋರ್ ಹತ್ರ ಹಳೇ ಫೋರ್ ವೀಲು ಮೂರೇ ಅವೆ," ಎಂದ ಮುತ್ತಯ್ಯ.

ಪೊಂಗಲ್ ಮುಗಿದ ವಾರ ಅವರು ಮೂರನ್ನೂ ನೋಡಿದರು. ಒಂದರಲ್ಲಿ ಹುಟ್ಟಿದಾಗಿನ ಎಂಜಿನ್ನೇ ಹೊಗೆ ಉಗುಳುತ್ತಿತ್ತು. ಇನ್ನೊಂದು ಕೋಳಿಗಳ ಮನೆಯಾಗಿತ್ತು. ಮೂರನೆಯದು ತೇವಾರಂ ಹೊರಗಿನ ರಾಮಸಾಮಿಯದು. ಗಾಡಿ ಪುಲಿಯೂತ್ತಿಗೆ ಹೋಗಿತ್ತು. ಬೆಟ್ಟದ ಮೇಲಿನ ಆ ಕೂಲಿಯವರ ಊರಿಗೆ ರಸ್ತೆ ಇಲ್ಲ. ಬಂಡೆ, ಕೊರಕಲುಗಳ ಏರುದಾರಿಯಲ್ಲಿ ಅಕ್ಕಿಯೂ ಬಸುರಿಯರೂ ಹತ್ತಿ ಇಳಿಯುತ್ತಿದ್ದುದು ಈ ಒಂದು ಗಾಡಿಯಲ್ಲಿ.

ಮನೆಯಲ್ಲಿ ರಾಮಸಾಮಿಯ ಹೆಂಡತಿ ಕಣ್ಣಮ್ಮಾಳ್ ಇದ್ದಳು. ಬಲಗಾಲು ಮಂಡಿಯ ಕೆಳಗೆ ಇರಲಿಲ್ಲ. ಊರುಗೋಲು ಊರಿಕೊಂಡೇ ಬಂದು ಮಜ್ಜಿಗೆ ಕೊಟ್ಟಳು.

"ಕುಂತ್ಕೊ ಕಣ್ಣೂ. ಯಾರ್ ಮನೆ ಮಗ್ಳು ನೀನು? ಕಂಬಂದೋರಾ? ಮೊಕ ನೋಡಿದ್ರೆ ತಿಳೀತದೆ."

"ಕಾಲು ಏನಾಯ್ತು ಅಜ್ಜಿ?" ಇಂದುಜಾ ತಡವರಿಸುತ್ತ ಕೇಳಿದರು.

"ಹೋದ್ ಮಳೆಗಾಲ. ಹಳೇ ಎಂಜಿನ್ನು ಏರಲ್ಲಿ ಉಸ್ರು ಬಿಟ್ಬುಡೋದು. ಹಿಂದ್ಲೇ ಒಬ್ರು ಕಲ್ಲು ಹಿಡ್ಕಂಡು ನಡೀಬೇಕು. ಗಾಡಿ ನಿಂತ್ ಗಳ್ಗೆ ಚಕ್ರುಕ್ಕೆ ಕಲ್ಲು ಕೊಡ್ಬೇಕು. ನಾನೇ ನಡೀತಿದ್ದೆ. ಆವತ್ತು ಕೆಸ್ರು. ಕಲ್ಲು ಜಾರ್ತು, ಗಾಡಿ ಹಿಂದುಕ್ಕೆ ಬಂತು."

"ಈಗ?"

"ಈಗ ಹೊಸ ಎಂಜಿನ್ನು! ರೊಂಬ ಚೆಂದ ಏರ್ತದೆ. ಹಿಂದೆ ಯಾರೂ ನಡೀಬೇಕಾಗಿಲ್ಲ." ಅವಳ ಮುಖ ಅರಳಿತು, ಮರುಗಳಿಗೆಯೇ ಬಾಡಿತು. "ಒಂದೇ ಕೊರೆ ನಂಗೆ. ಪೊಂಗಲ್ ದಿನ ಗಾಡಿಗೆ ನಾನೇ ಹೂವಾ ಕಟ್ದೆ, ದನುಕ್ಕೆ ಅಂತ ಕಬ್ಬು ತುಂಬ್ದೆ. ದೇವ್ರು ದನುದ್ ತೊಳುಗೆ ಹೋದ್ವಿ. ಎಲ್ರೂ ಗಾಡೀನ ಒಳಕ್ಕೆ ಬಿಟ್ರು. ಇವ್ರು ರೋಡಲ್ಲೇ ನಿಲ್ಸಿ, ಕಬ್ಬುನ್ ಹೊರೇನ ತಲೆ ಮ್ಯಾಲೆ ಹೊತ್ಕಂಡ್ ಹೋದ್ರು. ಒಂದ್ಸಲ ಅಲ್ಲ, ಗಾಡಿ ಖಾಲಿ ಆಗೋಗಂಟ. ಊರೇ ನೋಡ್ತಿತ್ತು. ನಂಗೆ ಮಾನ ಹೋದಂಗಾಯ್ತು."

ಇಂದುಜಾ ಲೋಟ ಕೆಳಗಿಟ್ಟರು.

ತೊಳು ಎಂದರೆ ಊರವರೆಲ್ಲ ಕೂಡಿ ಸಾಕುವ ದೇವರ ದನಗಳ ದೊಡ್ಡಿ. ಮನೆಗೆ ಹೊಸದೇನು ಬಂದರೂ ಮೊದಲು ಅಲ್ಲಿಗೆ ಹೋಗಬೇಕು. ಆದರೆ ತನ್ನದಲ್ಲದ ವಸ್ತು ಆ ಬಾಗಿಲು ದಾಟಬಾರದು. ಚಿಕ್ಕಂದಿನಲ್ಲಿ ಇಂದುಜಾ ಗೆಳತಿಯ ಬಳೆ ತೊಟ್ಟು ಹೋಗಿದ್ದಾಗ ಅಜ್ಜಿ ಬಾಗಿಲಲ್ಲೇ ಬಿಚ್ಚಿಸಿದ್ದರು. ಬೇರೆ ಯಾವ ಠಾಣೆಯ ಯಾವ ಇನ್ಸ್‌ಪೆಕ್ಟರಿಗೂ ಒಬ್ಬ ಮುದುಕ ಕಬ್ಬು ಹೊತ್ತದ್ದು ಸುಳಿವಾಗಿ ಕಾಣುತ್ತಿರಲಿಲ್ಲ. ಆಕೆಗೆ ಮಾತ್ರ ತಟ್ಟನೆ ಹೊಳೆಯಿತು, ಹೊಳೆದದ್ದಕ್ಕೆ ದುಃಖವೂ ಆಯಿತು. ಹೊರಗೆ ಬಂದು ಸತ್ಯಾಳಿಗೆ ಫೋನ್ ಮಾಡಿ, ಎಂಜಿನ್ನಿನ ಕಂಪ್ಯೂಟರನ್ನು ಓದುವ ಅವಳ ಯಂತ್ರದೊಂದಿಗೆ ಬರಲು ಹೇಳಿದರು.

ಮಧ್ಯಾಹ್ನ ಗಾಡಿ ಇಳಿದು ಬಂತು. ತಗಡು ತೇಪೆ ಹಾಕಿದ ಮುದಿ ಟ್ರಕ್ಕು, ಒಳಗಿನಿಂದ ಮಾತ್ರ ನಿನ್ನೆ ಮೊನ್ನೆಯ ಎಂಜಿನ್ನಿನ ನುಣುಪು ಸದ್ದು. ರಾಮಸಾಮಿ ಇಳಿದ. ಅರವತ್ತು ದಾಟಿದ ಗಟ್ಟಿ ಆಳು.

"ಎಂಜಿನ್ ಎಲ್ಲಿಂದ ಬಂತು?"

"ಮದುರೈ ಗುಜರಿಯಿಂದ."

"ನಂಬರ್ ಉಜ್ಜಿ ಹೋಗಿದೆ."

"ತುಕ್ಕಿತ್ತು. ಉಜ್ಜಿದೆ."

ಸತ್ಯಾ ಗಾಡಿಯ ವೈರಿಂಗಿಗೆ ತನ್ನ ಯಂತ್ರ ಸಿಕ್ಕಿಸಿದಳು. ಉಕ್ಕಿನ ಮೇಲಿನ ಅಂಕಿಯನ್ನು ಅರದಿಂದ ಉಜ್ಜಬಹುದು. ಕಂಪ್ಯೂಟರ್ ಪೆಟ್ಟಿಗೆಯ ನೆನಪಿನಲ್ಲಿ ಅದು ಹುಟ್ಟಿದ ಗಾಡಿಯ ಚಾಸಿ ನಂಬರು ಹಾಗೇ ಕೂತಿರುತ್ತದೆ. ಪರದೆಯ ಮೇಲೆ ಅಂಕಿಗಳು ಮೂಡಿದವು. ಮುತ್ತಯ್ಯ ಎಫ್‌ಐಆರ್ ಪ್ರತಿಯೊಂದಿಗೆ ಒಂದೊಂದಾಗಿ ತಾಳೆ ನೋಡಿದ. ಪ್ರಭಾಕರನ್ ಅವರ ಪಿಕಪ್ಪೇ.

"ಈ ಗಾಡಿ ಯಾರ್ದು?" ಇಂದುಜಾ ಈಗ ಮನೆಮಾತಿನಲ್ಲಿ ಕೇಳಿದರು.

"ನಮ್ದೇ."

"ಎಂಜಿನ್ನು?"

ರಾಮಸಾಮಿ ಬಾನೆಟ್ ಇಳಿಸಿ ಮುಚ್ಚಿದ.

"ತೊಳು ಒಳಕ್ಕೆ ಯಾಕ್ ಬಿಡ್ಲಿಲ್ಲ ತಾತಾ?"

"ಅವು ಬಾಯಿಲ್ಲದ ಜೀವ," ಎಂದ ಅವನು. "ಕದ್ದುದ್ನ ಅವುಗ್ಳ್ ಮುಂದೆ ಹೆಂಗ್ ನಿಲ್ಸ್ಲಿ?"

ಜಗಲಿಯಲ್ಲಿದ್ದ ಕಣ್ಣಮ್ಮಾಳ್ ಎದ್ದು ನಿಂತಳು.

"ನನ್ ಮುಂದೆ ನಿಲ್ಸ್ದಲ್ಲ," ಎಂದಳು. "ಹೂವಾ ಕಟ್ಸ್ದಲ್ಲ ನನ್ ಕೈಲಿ."

ಪಂಚರ ಎದುರು ಟ್ರಕ್ಕನ್ನು ಜಪ್ತಿ ಮಾಡಿ, ಬಂಧನದ ಕಾಗದಕ್ಕೆ ರಾಮಸಾಮಿಯ ಸಹಿ ಪಡೆದರು. ಅವನು ಏನನ್ನೂ ಮುಚ್ಚಿಡಲಿಲ್ಲ. ಬಸ್ಸಿನಲ್ಲಿ ಬೋಡಿಮೆಟ್ಟಿಗೆ ಹೋಗಿದ್ದ. ಮಂಜಿನಲ್ಲಿ ಪಿಕಪ್ ಇಳಿಸಿಕೊಂಡು ಬಂದಿದ್ದ. ಕಣ್ಣಮ್ಮಾಳ್ ಆಗ ಗಾಯಕ್ಕೆ ಮದ್ದು ಹಾಕಿಸಿಕೊಳ್ಳಲು ತೇನಿಯಲ್ಲಿ ತಂಗಿಯ ಮನೆಯಲ್ಲಿದ್ದಳು. ಹುಣಸೆ ಮರಕ್ಕೆ ಸರಪಳಿ ಕಟ್ಟಿ ಎಂಜಿನ್ ಎತ್ತಿ, ಉಳಿದ ಗಾಡಿಯನ್ನು ಟ್ರ್ಯಾಕ್ಟರಿನಿಂದ ಎಳೆದು ಹಳ್ಳದಲ್ಲಿ ಬಿಟ್ಟಿದ್ದ. ಏಲಕ್ಕಿ ತನ್ನ ಕೆಲಸದ್ದಲ್ಲ ಎಂದು ಮುಟ್ಟಿರಲಿಲ್ಲ.

"ಅವ್ಳ್ ಕಾಲು ಹೋದ್ಮ್ಯಾಲೆ ಪುಲಿಯೂತ್ತಿನೋಳು ಒಬ್ಳು ಕಲ್ಲು ಹಿಡ್ದು ನಿಂತ್ಳು. ಪಾಂಡಿಯಮ್ಮಾಳ್ ಅಂತ, ಕೈಕೂಸಿನ ತಾಯಿ. ನಾನು ಸ್ಟೇರಿಂಗ್ ಹಿಡ್ದು ಹಿಂದ್ಕೆ ನೋಡ್ದೆ. ಆಮ್ಯಾಲೆ ನನ್ ಕೈಲಿ ಗಾಡಿ ಏರ್ಸಾಕೆ ಆಗ್ಲಿಲ್ಲ. ಇನ್ನೊಬ್ರು ಕಲ್ಲು ಹಿಡೀಬಾರ್ದು ಅಂತ ಒಂದೇ ಇತ್ತು ತಲೇಲಿ."

"ನಿಮ್ಮಿಂದ ಒಬ್ಬ ಹುಡುಗ ದಿನಾ ಠಾಣೆ ಬಾಗಿಲಲ್ಲಿ ನಿಲ್ಲುತ್ತಿದ್ದಾನೆ. ಗೊತ್ತಿತ್ತಾ?"

ರಾಮಸಾಮಿ ತಲೆ ಎತ್ತಲಿಲ್ಲ. "ಗೊತ್ತಿತ್ತು," ಎಂದ.

ಇಂದುಜಾರಿಗೆ ಅವನ ಮೇಲೆ ಹುಟ್ಟಿದ್ದ ಕನಿಕರವೆಲ್ಲ ಆ ಒಂದು ಮಾತಿಗೆ ಅಲ್ಲಾಡಿತು. ಅದನ್ನೂ ಹೇಳಿಕೆಯಲ್ಲಿ ಬರೆಸಿದರು.

ಮರುದಿನ ಬೆಳಗ್ಗೆ ಕಣ್ಣಮ್ಮಾಳ್ ಬೋಡಿ ಠಾಣೆಗೆ ಬಂದಳು. ಗಂಡನನ್ನು ನೋಡಲು ಬಂದಿದ್ದಾಳೆಂದು ಮುತ್ತಯ್ಯ ಎದ್ದ.

"ಅವ್ರುನ್ನ ಆಮ್ಯಾಲೆ ನೋಡ್ತೀನಿ. ಆ ಪಿಳ್ಳೆ ಎಲ್ಲಿ, ಡ್ರೈವರು?"

ಸಹಿ ಹಾಕಲು ಬಂದು, ಇನ್ನು ಅದು ಬೇಕಿಲ್ಲ ಎಂದು ಆಗಷ್ಟೇ ತಿಳಿದಿದ್ದ ಕಾಮರಾಜ್ ಬೆಂಚಿನ ಮೇಲೆ ಕೂತಿದ್ದ. ಕಣ್ಣಮ್ಮಾಳ್ ಅವನನ್ನು ಎಬ್ಬಿಸಿ, ಜೀಪ್ ಸ್ಟ್ಯಾಂಡ್ ತೋರಿಸು ಎಂದಳು. ಜೀಪಿನಲ್ಲಿ ಬಿಡುತ್ತೇನೆ ಎಂದು ಇಂದುಜಾ ಹೇಳಿದರೂ ಒಪ್ಪಲಿಲ್ಲ. ಊರುಗೋಲು ಊರುತ್ತ ಬಜಾರಿನುದ್ದಕ್ಕೂ ನಡೆದಳು. ಇಂದುಜಾ ಮುತ್ತಯ್ಯನೊಂದಿಗೆ ಸ್ವಲ್ಪ ಹಿಂದೆ ಬಂದರು.

ಸ್ಟ್ಯಾಂಡಿನಲ್ಲಿ ಚಾಲಕರೆಲ್ಲ ಸೇರಿದ್ದ ಹೊತ್ತು. ತಮ್ಮ ಅಂಗಡಿಯ ಮುಂದೆ ಪ್ರಭಾಕರನ್ ಕೂಡ ನಿಂತಿದ್ದರು. ಕಣ್ಣಮ್ಮಾಳ್ ಕಾಮರಾಜನ ಕೈ ಹಿಡಿದು ಎತ್ತಿ, ಎಲ್ಲರಿಗೂ ತಿಳಿಯಲೆಂದು ತಮಿಳಿನಲ್ಲಿ ಹೇಳಿದಳು:

"ಎಂಜಿನ್ ಕದ್ದವನು ನನ್ನ ಗಂಡ. ತೇವಾರಂ ರಾಮಸಾಮಿ. ಈ ಹುಡುಗ ಅಲ್ಲ. ನೋಡಿಕೊಳ್ಳಿ ಎಲ್ಲರೂ."

ಯಾರೋ ಅವಳ ಕಾಲು ನೋಡಿ ಅಯ್ಯೋ ಪಾಪ ಎಂದರು.

"ನನ್ನನ್ನು ನೋಡಬೇಡಿ," ಎಂದಳು. "ಇವನನ್ನು ನೋಡಿ."

ಕಾಮರಾಜ್ ಅಷ್ಟು ದಿನ ತಡೆದುಕೊಂಡಿದ್ದವನು ನಡುಬೀದಿಯಲ್ಲೇ ಅತ್ತುಬಿಟ್ಟ. ಪ್ರಭಾಕರನ್ ಅಂಗಡಿಯೊಳಗೆ ಸರಿದರು. ಕಣ್ಣಮ್ಮಾಳ್ ಹುಡುಗನ ಅಳು ನಿಲ್ಲುವವರೆಗೂ ಕೈ ಬಿಡಲಿಲ್ಲ. ಆಮೇಲೆ ಗಂಡನನ್ನು ನೋಡಲು ಠಾಣೆಯ ಕಡೆ ತಿರುಗಿದಳು. ಕಾಮರಾಜ್ ಅವಳ ಜೊತೆಗೇ ನಡೆದ.